ಪದ್ಮವ್ವನ ಉಸ್ತುವಾರಿಯಲ್ಲಿ ಒಬ್ಬ ರಾಣಿ

ಪದ್ಮವ್ವ ಗೋಕಾಕದ ಪೇಟೆಯ ಬೀದಿಗಿಳಿದರೆ ಮದುವೆಯ ವಯಸ್ಸಿಗೆ ಬಂದ ಹುಡುಗಿಯರು ಮೆಲ್ಲಗೆ ಬಾಗಿಲ ಹಿಂದೆ ಸರಿಯುತ್ತಿದ್ದರು. ಆಕೆಯೇನು ಹುಲಿಯಲ್ಲ, ಕರಡಿಯಲ್ಲ. ಬಿಳಿ ಕೂದಲಿನ, ಕುಳ್ಳಗಿನ, ಸದಾ ನಗುಮುಖದ ಹೆಂಗಸು. ಆದರೆ ಆಕೆಯ ಕಣ್ಣಿಗೆ ಬಿದ್ದ ಹುಡುಗಿಗೆ ಮುಂದಿನ ವೈಶಾಖದೊಳಗೆ ಬಾಸಿಂಗ ಕಟ್ಟಿದ್ದೇ ಎಂಬುದು ಪೇಟೆಗೆಲ್ಲ ಗೊತ್ತಿತ್ತು. ಗೋಕಾಕದ ಹುಡುಗಿಯನ್ನು ಹುಕ್ಕೇರಿಗೆ, ಹುಕ್ಕೇರಿಯವಳನ್ನು ಮೂಡಲಗಿಗೆ, ಮೂಡಲಗಿಯವಳನ್ನು ತಿರುಗಿ ಗೋಕಾಕಕ್ಕೆ ಕೊಡಿಸಿ ಕೊಡಿಸಿ, ಮೂರೂ ಊರಿನ ಜೈನ ಮನೆತನಗಳನ್ನು ಆಕೆ ಒಂದಕ್ಕೊಂದು ಗಂಟು ಹಾಕಿ ಇಟ್ಟಿದ್ದಳು. ಪದ್ಮವ್ವ ಹೂಂ ಅಂದಳೆಂದರೆ ಮಾತು ಮುಗಿಯಿತು. ಆಮೇಲೆ ಉಳಿಯುತ್ತಿದ್ದದ್ದು ಪೆಂಡಾಲಿನ ಕೆಲಸ ಮಾತ್ರ.

ಸಂಬಂಧ ಕೂಡಿಸುವಾಗ ಆಕೆ ಎಲ್ಲರನ್ನೂ ಕೇಳುತ್ತಿದ್ದಳು. ಹುಡುಗನ ಸೋದರಮಾವನನ್ನು, ಹುಡುಗಿಯ ದೊಡ್ಡಪ್ಪನನ್ನು, ಎರಡೂ ಮನೆಗೆ ಹಾಲು ಹಾಕುವವನನ್ನು ಕೂಡ. ಕೇಳದೆ ಬಿಡುತ್ತಿದ್ದದ್ದು ಹುಡುಗಿಯೊಬ್ಬಳನ್ನೇ. ಯಾಕೆಂದು ಯಾರಾದರೂ ಕೇಳಿದರೆ ಉತ್ತರ ತಯಾರಿತ್ತು.

“ಹುಡುಗಿನ್ನ ಕೇಳಿದ್ರ ಅಳಾಕ ಸುರು ಮಾಡತಾಳ. ಅಳಾಕ ಮದಿವಿ ಆದ ಮ್ಯಾಲ ಬೇಕಾದಷ್ಟ ಟೈಮ್ ಐತಲ್ಲ?”

ಸಾಕ್ಷಿಗೆ ತನ್ನದೇ ಕಥೆ ಹೇಳುವಳು. ಹನ್ನೊಂದರ ವಯಸ್ಸಿನಲ್ಲಿ ಮೂಡಲಗಿಯ ತವರುಮನೆಯ ಕಟ್ಟೆಯ ಮೇಲೆ ಐದು ಕಲ್ಲಿನ ಆಟ ಆಡುತ್ತಿದ್ದಾಗ ಗೋಕಾಕದಿಂದ ಬೀಗರು ಬಂದರಂತೆ. ಅವ್ವ ಒಳಗೆ ಕರೆದಳು. ಈಕೆ, “ಆಟ ಮುಗಸಿ ಬರತೇನಿ” ಅಂದಳು. ಯಾರು ಕೇಳುತ್ತಾರೆ? ಕಾಕಾ ಬಂದು ಕಂಕುಳಲ್ಲಿ ಎತ್ತಿಕೊಂಡು ಹೋಗಿ, ಮುಖ ತೊಳೆಸಿ, ಚಾಪೆಯ ಮೇಲೆ ಕೂರಿಸಿದ. ಅಲ್ಲಿಗೆ ಆಟವೂ ಮುಗಿಯಿತು, ಮೂಡಲಗಿಯೂ ಮುಗಿಯಿತು. “ನನಗ ಏನರ ಕಡಿಮಿ ಆತೇನ? ದೇವರಂಥಾ ಗಂಡ ಸಿಕ್ಕ” ಎಂದು ನಗುತ್ತ ಕಥೆ ಮುಗಿಸುವಳು. ಕೇಳಿದವರೂ ನಗುತ್ತಿದ್ದರು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಆಕೆಯ ಕಣ್ಣು ಸ್ವಂತ ಮೊಮ್ಮಗಳ ಮೇಲೇ ಬಿತ್ತು. ಮಗ ನೇಮಿನಾಥನದು ಗೊಬ್ಬರದ ಅಂಗಡಿ, ಮಮದಾಪುರದಲ್ಲಿ ಹೊಲ. ಅವನ ಮಗಳು ಶ್ರದ್ಧಾ ಆಗಷ್ಟೇ ಪಿಯುಸಿ ಪರೀಕ್ಷೆ ಬರೆದು ಕೂತಿದ್ದಳು. ಹುಕ್ಕೇರಿಯ ಅರಿವೆ ವ್ಯಾಪಾರದ ಪಾಯಪ್ಪನ ಮಗ ಗೊಮ್ಮಟೇಶನಿಗೆ ಪದ್ಮವ್ವ ಅವಳನ್ನು ಮನಸ್ಸಿನಲ್ಲೇ ಕೊಟ್ಟಾಗಿತ್ತು. ಪಾಯಪ್ಪನಿಗೆ ಮಾತನ್ನೂ ಕೊಟ್ಟಾಗಿತ್ತು. ಆದರೆ ಶ್ರದ್ಧಾಳಿಗೆ ಧಾರವಾಡದ ಕೃಷಿ ಕಾಲೇಜಿಗೆ ಹೋಗಬೇಕೆಂಬ ಹಟ. ಹಟವೆಂದರೆ ಬಾಯಿಬಿಟ್ಟು ಹೇಳುವ ಹಟವಲ್ಲ, ಒಳಗೇ ಕುದಿಯುವಂಥದ್ದು. ಅವಳು ಅವ್ವ ರೂಪಾಲಿಗೆ ಹೇಳಿದಳು. ರೂಪಾಲಿ ಗಂಡನಿಗೆ ಹೇಳಿದಳು. ನೇಮಿನಾಥ ಅಂಗಿ ಹಾಕಿಕೊಳ್ಳುತ್ತ, “ನಾ ಅಂಗಡಿಗೆ ಹೊಂಟೇನಿ. ಅವ್ವಗ ನೀನ ಹೇಳು” ಅಂದ. ರೂಪಾಲಿ ಅತ್ತೆಯ ಮುಂದೆ ನಿಂತು, “ಚಾ ಮಾಡ್ಲೇನ್ರಿ?” ಎಂದಷ್ಟೇ ಕೇಳಿ ಒಳಗೆ ಬಂದಳು. ಹೀಗೆ ಶ್ರದ್ಧಾಳ ಧಾರವಾಡ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಆ ಮನೆಯಲ್ಲೊಂದು ಕಂಪ್ಯೂಟರ್ ಇತ್ತು. ನೇಮಿನಾಥ ಅಂಗಡಿಯ ಕೆಲಸಕ್ಕೆಂದು ತಂದದ್ದು; ಗೊಬ್ಬರದ ಧೂಳಿಗೆ ಕೆಡುತ್ತದೆಂದು ಮನೆಗೆ ಬಂತು. ರೂಪಾಲಿ ಅದಕ್ಕೆ ಝಾಲರಿನ ಗವುಸು ಹೊಲಿದಳು, ಪದ್ಮವ್ವ ಕುಂಕುಮ ಹಚ್ಚಿದಳು. ಇಷ್ಟು ಮರ್ಯಾದೆಯಾದ ಮೇಲೆ ಅದಕ್ಕೆ ಕೆಲಸ ಹಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ಈಗ ರಜೆಯಲ್ಲಿ ಶ್ರದ್ಧಾ ಗೆಳತಿ ವಿಜಯಲಕ್ಷ್ಮಿಯ ಹತ್ತಿರ ಒಂದು ಸಿ.ಡಿ. ಇಸಕೊಂಡು ಬಂದು ಆಡತೊಡಗಿದಳು. ಹಳೆಯ ಕಾಲದ ರಾಜಮನೆತನಗಳ ಆಟ. ಒಂದು ವಂಶ ಹಿಡಿದು ರಾಜ್ಯ ಆಳುತ್ತ ಹೋಗಬೇಕು: ಮದುವೆ, ಮಕ್ಕಳು, ಯುದ್ಧ, ತೆರಿಗೆ.

ಮದುವೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪದ್ಮವ್ವ ಅಕ್ಕಿ ಆರಿಸುವ ತಟ್ಟೆ ಹಿಡಿದು ಅಲ್ಲೇ ಬಂದು ಕೂತಳು.

“ಯಾರ ಈ ಕೂಸು?”

“ರಾಣಿ, ಆಯಿ.” ಶ್ರದ್ಧಾ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಿದ್ದಳು. “ಎಂಟು ವರ್ಷದಾಕಿ. ಅಪ್ಪ ಸತ್ತ. ಈಗ ಇಕಿನ ರಾಜ್ಯ ಆಳಬೇಕು.”

“ಅಯ್ಯ ನನ್ನವ್ವ! ಹಿರ್ಯಾರ ಯಾರೂ ಇಲ್ಲೇನ?”

“ಕಾರಭಾರಿ ಒಬ್ಬ ಅದಾನ. ಹದಿನಾರು ತುಂಬೂತನಕ ಅಂವ ನೋಡಕೊಂತಾನ. ಯಾರಿಗೆ ಕೊಡಬೇಕು, ಏನ ಮಾಡಬೇಕು, ಎಲ್ಲಾ ಅಂವಂದ.”

ಪದ್ಮವ್ವ ಪರದೆಯೊಳಗಿನ ಕಾರಭಾರಿಯ ಗಡ್ಡವನ್ನು, ಓರೆನೋಟವನ್ನು ನೋಡಿದಳು. “ಇಂವನ ಕೈಯಾಗ ಹೆಣ್ಣ ಕೂಸ ಬಿಡತಾರೇನ? ಸರಿ ಆಕಡೆ” ಎಂದು ತಟ್ಟೆಯನ್ನು ಪಕ್ಕಕ್ಕಿಟ್ಟಳು. ಅಂದಿನಿಂದ ಆ ರಾಜ್ಯದ ಕಾರಭಾರ ಗೋಕಾಕಕ್ಕೆ ವರ್ಗವಾಯಿತು. ರಾಣಿಯ ಹೆಸರಿಗೆ ಪದ್ಮವ್ವನ ನಾಲಿಗೆ ಹೊರಳಲಿಲ್ಲ. ರಾಣವ್ವ ಎಂದು ಕರೆದಳು.

ಯುದ್ಧದ ಮಾತನ್ನು ಮೊದಲ ದಿನವೇ ಕಿತ್ತು ಹಾಕಿದಳು. “ನಮ್ಮ ಮನ್ಯಾಗ ಹಿಂಸಾ ನಡಿಯೂದಿಲ್ಲ.” ಹೀಗಾಗಿ ನೆರೆಯ ರಾಜ ದಂಡು ಕಟ್ಟಿಕೊಂಡು ಬಂದಾಗಲೆಲ್ಲ ಒಂದು ಕೋಟೆ ಬಿಟ್ಟುಕೊಡುವುದೇ ದಾರಿ. ಊಟಕ್ಕೆ ಬಂದ ನೇಮಿನಾಥ ಇಣುಕಿ ನೋಡಿ, “ಅವ್ವಾ, ಹಿಂಗ ಕೊಟಗೋತ ಹೋದ್ರ ರಾಜ್ಯ ಉಳಿತೈತೇನ?” ಅಂದ.

“ಮಮದಾಪುರದಾಗ ಹೊಲದ ಬದುವು ಬಾಜೂದವಗ ನೀ ಬಿಟ್ಟಕೊಡಲಿಲ್ಲೇನ? ಸತ್ತಿ ಏನ?”

ನೇಮಿನಾಥ ಮತ್ತೆ ಆ ಕಡೆ ಇಣುಕಲಿಲ್ಲ.

ವರಗಳು ಬರತೊಡಗಿದವು. ಇದು ಪದ್ಮವ್ವನ ಸ್ವಂತ ಅಂಗಳ. ಕಣ್ಣು ಹೊಳೆಯಿತು, ಬೆನ್ನು ನೆಟ್ಟಗಾಯಿತು. ಮೊದಲನೆಯವನಿಗೆ ನಲವತ್ತೊಂದು ವರ್ಷ. “ಅಪ್ಪನ ವಾರಗ್ಯಾಂವ. ನಾಚಿಗಿ ಇಲ್ಲೇನ ಅವಗ?” ಎಂದು ಅಟ್ಟಿದಳು. ಎರಡನೆಯವನು ಹತ್ತು ವರ್ಷದ ರಾಜಕುಮಾರ. ಮೂರು ಕೋಟೆ, ಒಂದು ಬಂದರು, ಅತ್ತೆ ಇಲ್ಲ. ಪದ್ಮವ್ವನಿಗೆ ಬಾಯಲ್ಲಿ ನೀರೂರಿತು. ಅಭ್ಯಾಸಬಲದಿಂದ ಒಂದು ಮಾತು ಕೇಳಿದಳು.

“ಅವರ ಮನ್ಯಾಗ ಏನ ಉಣ್ತಾರ?”

“ಅಲ್ಲೆಲ್ಲಾ ಮಾಂಸಾನ ಆಯಿ. ಹಂದಿ, ದನಾ, ಎಲ್ಲಾ.”

ಪದ್ಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಮುಂದ ಹೋಗು.”

ಮುಂದೆ ಹೋದಷ್ಟೂ ಅದೇ ಹಾಡು. ಒಬ್ಬ ಬೇಟೆಯಲ್ಲಿ ಪ್ರವೀಣ, ಇನ್ನೊಬ್ಬ ಕುಡಿತದಲ್ಲಿ. ಮಹಾ ದೈವಭಕ್ತನೊಬ್ಬ ಬಂದಾಗ ಪದ್ಮವ್ವನಿಗೆ ಸ್ವಲ್ಪ ಆಸೆಯಾಯಿತು. “ಹೊತ್ತ ಮುಳಗಿದ ಮ್ಯಾಲ ಉಣ್ಣೂದಿಲ್ಲ ಅಂತ ಎಲ್ಲ್ಯರ ಬರದೈತೇನ ನೋಡು” ಎಂದು ದುಂಬಾಲು ಬಿದ್ದಳು. ಬರೆದಿರಲಿಲ್ಲ. ಅವನೂ ಹೋದ. ರಾಣವ್ವ ತಾನೇ ಏನು ಉಣ್ಣುತ್ತಾಳೆಂದು ಆಕೆ ಒಮ್ಮೆಯೂ ಕೇಳಲಿಲ್ಲ. ತನ್ನ ಉಸ್ತುವಾರಿಗೆ ಬಂದ ಕೂಸು ಹುಟ್ಟಾ ಜೈನಳು ಎಂದೇ ಲೆಕ್ಕ. ಮೂರು ಊರುಗಳಲ್ಲಿ ಒಂದು ಹುಡುಗಿಯನ್ನೂ ಮನೆಯಲ್ಲಿ ಕೂಡಗೊಡದ ಪದ್ಮವ್ವ ಪರದೆಯ ಮೇಲಿನ ಹುಡುಗಿಗೆ ಒಂದು ಗಂಡನ್ನೂ ಒಪ್ಪಲಿಲ್ಲ.

“ಮದಿವಿ ಇಲ್ಲ, ಯುದ್ಧ ಇಲ್ಲ. ದಿನಾ ಏನ ಮಾಡತಾಳ ಪಾಪ?” ಎಂದು ಒಂದು ದಿನ ಚಿಂತೆಗೆ ಬಿದ್ದಳು.

“ಏನರ ಕಲಿಸಬಹುದು ಆಯಿ. ಕತ್ತಿ ಹಿಡ್ಯೂದು, ದರ್ಬಾರದ ಮಾತು, ಇಲ್ಲಾಂದ್ರ ಒಕ್ಕಲತನ.”

“ಒಕ್ಕಲತನಾನ ಕಲೀಲಿ. ಹೊಲ ಇದ್ದಾಕಿಗೆ ಹೊಲ ಗೊತ್ತಿರಬೇಕು. ಇಲ್ಲಾಂದ್ರ ಬದುವು ಬಿಟ್ಟಕೊಟ್ಟ ಬರತಾಳ ನಿಮ್ಮಪ್ಪನಂಗ.”

ಅಡುಗೆಮನೆಯಲ್ಲಿ ರೂಪಾಲಿಯ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಶ್ರದ್ಧಾ ತುಟಿ ಕಚ್ಚಿಕೊಂಡು ಒಕ್ಕಲತನದ ಮೇಲೆ ಒತ್ತಿದಳು.

ಅಜ್ಜಿ ಮೊಮ್ಮಗಳ ಆಟದಲ್ಲಿ ವರ್ಷಗಳು ಬೇಗ ಓಡುತ್ತಿದ್ದವು. ರಾಣವ್ವ ಉದ್ದವಾದಳು, ಜಡೆ ಬಿಟ್ಟು ತುರುಬು ಕಟ್ಟಿದಳು. ಹದಿನೈದು ದಾಟಿ ಇನ್ನೇನು ದೊಡ್ಡವಳಾಗುತ್ತಾಳೆ ಅನ್ನುವಾಗ ಕರೆಂಟು ಹೋಯಿತು. ಹದಿಮೂರರ ಆಚೆಗೆ ಆಟ ಉಳಿಸಿಟ್ಟಿರಲಿಲ್ಲ. ಮರುದಿನ ಹಚ್ಚಿದರೆ ರಾಣವ್ವ ಮತ್ತೆ ಹದಿಮೂರಕ್ಕೆ ಇಳಿದಿದ್ದಳು. “ಚಲೋ ಆತ ಬಿಡು, ಇನ್ನೆರಡ ವರ್ಷ ಆಡಲಿ ಕೂಸು” ಎಂದು ಪದ್ಮವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕರೆಂಟು ಹೋದದ್ದಕ್ಕೆ ಸಂತೋಷಪಟ್ಟ ಜೀವ ಗೋಕಾಕದಲ್ಲಿ ಆಕೆಯೊಬ್ಬಳೇ ಇದ್ದೀತು.

ಆದರೂ ಹದಿನಾರು ಬಂದೇ ಬಂತು, ಅದೂ ಹುಕ್ಕೇರಿಯವರು ಹೆಣ್ಣು ನೋಡಲು ಬರುವ ದಿನವೇ. ಬೆಳಿಗ್ಗೆ ಮನೆ ತುಂಬ ಉಪ್ಪಿಟ್ಟಿನ ಒಗ್ಗರಣೆ, ತಟ್ಟೆಯಲ್ಲಿ ಹೆಚ್ಚಿಟ್ಟ ಕರದಂಟು. ಶ್ರದ್ಧಾ ಹಳೆಯ ಚೂಡಿದಾರದಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಕಹಳೆ ಊದಿತು. ಗಡ್ಡದ ಕಾರಭಾರಿ ತಲೆಬಾಗಿ, ಮುದ್ರೆಯುಂಗುರವನ್ನು ರಾಣಿಯ ಕೈಗಿಟ್ಟು ಮರೆಯಾದ.

“ಎಲ್ಲಿ ಹ್ವಾದ ಅಂವ?”

“ಅವನ ಕೆಲಸ ಮುಗೀತ ಆಯಿ. ಇನ್ನ ಮದಿವಿಗೆ ಯಾರೂ ಅವನ್ನ ಕೇಳೂಹಂಗಿಲ್ಲ. ಆಕಿನ್ನ ಕೇಳಬೇಕು.”

“ಆಕಿನ್ನ?” ಪದ್ಮವ್ವನಿಗೆ ಕೆಡುಕೆನಿಸಿತು. ಇಷ್ಟು ವರ್ಷ ಸಾಕಿ, ಕಂಡವರನ್ನೆಲ್ಲ ಅಟ್ಟಿ, ಒಕ್ಕಲತನ ಕಲಿಸಿದವಳು ತಾನು. “ಹದಿನಾರರ ಹುಡಿಗಿಗೆ ಏನ ತಿಳಿತೈತಿ?”

ಶ್ರದ್ಧಾ ಕಂಪ್ಯೂಟರ್ ಬಂದ್ ಮಾಡಿ, ಝಾಲರಿನ ಗವುಸು ಹೊದಿಸಿದಳು. “ನನಗ ಹದಿನೆಂಟ ಆಯಿ” ಎಂದಳು. ಸೀರೆ ಉಡಲು ಒಳಗೆ ಹೋದಳು.

ಪದ್ಮವ್ವ ಗವುಸನ್ನೇ ನೋಡುತ್ತ ಕೂತಳು. ರೂಪಾಲಿ ಬಂದು ಬಾಳೆಹಣ್ಣು ಎಲ್ಲಿಟ್ಟಿದ್ದೀರಿ ಎಂದು ಕೇಳಿದ್ದು ಕೂಡ ಆಕೆಗೆ ಕೇಳಿಸಲಿಲ್ಲ.

ಹುಕ್ಕೇರಿಯವರು ಮಧ್ಯಾಹ್ನ ಬಂದರು. ಒಳ್ಳೆಯ ಜನ, ಹೆಸರಿಡಲು ಏನೂ ಇರಲಿಲ್ಲ. ಗೊಮ್ಮಟೇಶ ತಲೆಯೆತ್ತದೆ ಕರದಂಟು ತಿಂದ. ಶ್ರದ್ಧಾ ಚಹಾ ಕೊಟ್ಟು ಚಾಪೆಯ ತುದಿಯಲ್ಲಿ ಕೂತಳು. ಅವಳ ಕೈ ಸೀರೆಯ ನೆರಿಗೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಪಾಯಪ್ಪ ಚಹಾದ ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡ.

“ನಮಗ ಹುಡಿಗಿ ಪಸಂದ್ರಿ ಪದ್ಮವ್ವಾರ. ನೀವು ಹೂಂ ಅಂದ್ರ ಇಲ್ಲೇ ಸಕ್ಕರಿ ಹಂಚಿ ಬಿಡೂಣು.”

ಹೂಂ ಎಂಬುದು ಪದ್ಮವ್ವನ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ಮನೆಗಳಲ್ಲಿ, ಎಷ್ಟೋ ಚಾಪೆಗಳ ಮುಂದೆ ಅಂದು ಅಂದು ಸವೆದ ಮಾತು. ಈ ಸಲ ಅದು ಹೊರಡಲಿಲ್ಲ. ಆಕೆ ಮೊಮ್ಮಗಳ ಕಡೆ ತಿರುಗಿದಳು.

“ಶ್ರದ್ಧಾ, ನೀ ಏನಂತಿ?”

ಪಾಯಪ್ಪ ಚೇಷ್ಟೆಯೆಂದು ತಿಳಿದು ನಕ್ಕ. “ಆಕಿನ್ನ ಏನ ಕೇಳತೀರಿ? ಎಲ್ಲಾ ಕಾರಭಾರ ನಿಮ್ಮದಲ್ಲೇನ್ರಿ?”

“ನನ್ನ ಕಾರಭಾರ ಇವತ್ತ ಮುಂಜಾನಿ ಮುಗೀತ್ರಿ.”

ಯಾರಿಗೂ ಏನೂ ತಿಳಿಯಲಿಲ್ಲ, ಒಬ್ಬಳನ್ನು ಬಿಟ್ಟು. ಶ್ರದ್ಧಾ ತಲೆಯೆತ್ತಿದಳು.

“ನಾ ಧಾರವಾಡಕ್ಕ ಹೋಗತೇನಿ ಆಯಿ. ಒಕ್ಕಲತನ ಕಲ್ಯಾಕ.”

ಬಾಗಿಲಲ್ಲಿ ನಿಂತಿದ್ದ ರೂಪಾಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೊಮ್ಮಟೇಶ ಮೊದಲ ಸಲ ಹುಡುಗಿಯನ್ನು ಸರಿಯಾಗಿ ನೋಡಿದ, ಪಾಪ, ಕೈತಪ್ಪಿದ ಮೇಲೆ. ಪಾಯಪ್ಪ ಜಗಳವಾಡುವ ಮನುಷ್ಯನಲ್ಲ. ಚಪ್ಪಲಿ ಮೆಟ್ಟುವಾಗ, “ಕೊಟ್ಟ ಮಾತ ತಪ್ಪಿದ್ರಿ ಪದ್ಮವ್ವಾರ” ಎಂದಷ್ಟೇ ಹೇಳಿ ಹೋದ. ಆ ಮಾತು ಆಕೆಯ ಎದೆಗೆ ನಾಟಿತು. ವಾರದೊಳಗೆ ಅದು ಮೂರೂ ಊರು ಸುತ್ತಿತು. ಪದ್ಮವ್ವನ ಹೂಂಗೆ ಮೊದಲಿನ ಬೆಲೆ ಉಳಿಯಲಿಲ್ಲ. ಪೇಟೆಯ ಹುಡುಗಿಯರು ಬಾಗಿಲ ಹಿಂದೆ ಸರಿಯುವುದನ್ನು ಬಿಟ್ಟು, “ಆಯಿ, ಚಾ ಕುಡ್ಯಾಕ ಬರ್ರಿ” ಎಂದು ಕರೆಯತೊಡಗಿದರು. ಆಕೆಗೆ ಇದರಲ್ಲಿ ಯಾವುದು ಲಾಭ, ಯಾವುದು ಲುಕ್ಸಾನು ಎಂದು ಬಹಳ ದಿನ ತಿಳಿಯಲಿಲ್ಲ.

ಮಳೆಗಾಲದಲ್ಲಿ ಸೀಟು ಸಿಕ್ಕಿತು. ಶ್ರದ್ಧಾ ಟ್ರಂಕು ಕಟ್ಟಿದ ದಿನ ಮಧ್ಯಾಹ್ನ ಅಜ್ಜಿಯನ್ನು ಕಂಪ್ಯೂಟರಿನ ಮುಂದೆ ಎಳೆದು ತಂದು, ಕುರ್ಚಿಯ ಮೇಲೆ ಕೂರಿಸಿದಳು. ಹೊಸ ಆಟ ಹಚ್ಚಿದ್ದಳು. ಪರದೆಯ ಮೇಲೆ ಇನ್ನೊಬ್ಬ ಹುಡುಗಿ.

“ಇಕಿ ಯಾರ ಮತ್ತ?”

“ಹೆಸರ ನಾನ ಹಾಕೇನಿ. ಪದ್ಮಾ. ಹನ್ನೊಂದ ವರ್ಷ. ಈ ಆಟದಾಗ ಕಾರಭಾರಿನ್ನ ನಾನ ತಗದ ಹಾಕೇನಿ. ಕೇಳೂದಿದ್ರ ನಿನ್ನನ್ನ ಕೇಳಬೇಕು.”

ಪದ್ಮವ್ವ ನಕ್ಕಳು. ಆಮೇಲೆ ನಗು ತಾನಾಗಿಯೇ ನಿಂತಿತು. ಅಷ್ಟರಲ್ಲಿ ಸಂಬಂಧವೊಂದು ಬಂತು. ಚಿಗುರುಮೀಸೆಯ ತರುಣ, ಶಾಂತ ಮುಖ, ಒಳ್ಳೆಯ ಮನೆತನ. ಆಕೆ ಬಹಳ ಹೊತ್ತು ಅವನನ್ನು ನೋಡಿದಳು. ಏನು ಉಣ್ಣುತ್ತಾನೆ ಎಂದು ಕೇಳಲಿಲ್ಲ.

“ಒಲ್ಲೆ ಅನ್ನೂದು ಯಾವ ಕಡೆ ಐತಿ?”

“ಎಡಕ್ಕ.”

ಶ್ರದ್ಧಾ ಕೈ ಹಿಡಿಯಲು ಬಂದಳು. ಪದ್ಮವ್ವ ಬೇಡವೆಂದು ತಲೆಯಾಡಿಸಿ, ಎರಡೂ ಕೈಯಿಂದ ಮೌಸನ್ನು ಹಿಡಿದು, ನಡುಗುವ ಬಾಣವನ್ನು ಎಡಕ್ಕೆ ತಂದು ಒತ್ತಿದಳು. ತರುಣ ಮರೆಯಾದ. ಆಕೆಗೆ ಗಾಬರಿಯಾಯಿತು. ತಿರುಗಿ ಗೋಡೆಯ ಮೇಲೆ ಗಂಧದ ಹಾರ ಹಾಕಿದ್ದ ಗಂಡನ ಫೋಟೋದ ಕಡೆ ನೋಡಿದಳು.

“ಸಿಟ್ಟಾಗಬ್ಯಾಡ್ರಿ” ಅಂದಳು. “ಆಟ ಮುಗಸಿ ಬರತೇನಿ.”