ನಾನು ಕಣ್ಣು ಮುಚ್ಚಲಿಲ್ಲ

ಮೊದಲು ಕೈಕೊಟ್ಟಿದ್ದು ಬೆರಳ ತುದಿ.

ಶಾಲೆಗಳು ತೆರೆಯುವ ಕಾಲ. ಟೈಲರಿಗೆ ಆಗ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆಂಡರ್ಸನ್‌ಪೇಟೆಯ ನಮ್ಮ ಅಂಗಡಿಯಲ್ಲಿ ಯೂನಿಫಾರ್ಮ್ ಷರ್ಟುಗಳ ಗುಡ್ಡೆ ಬಿದ್ದಿತ್ತು. ಅದಕ್ಕೂ ಹಿಂದಿನ ವಾರ ಹೊಟ್ಟೆ ಕೆಟ್ಟು ನಾಲ್ಕು ದಿನ ಮಲಗಿದ್ದೆ, ಅದರದೇ ಸುಸ್ತು ಅಂದುಕೊಂಡು ಗುಂಡಿ ಹೊಲಿಯುತ್ತಿದ್ದೆ. ಸೂಜಿ ಚುಚ್ಚಿ, ಬಿಳಿ ಬಟ್ಟೆಯ ಮೇಲೆ ರಕ್ತ ಬಿದ್ದಾಗಲೇ ಗೊತ್ತಾಗಿದ್ದು. ನೋವೇ ಇರಲಿಲ್ಲ.

"ಭಾಯಿ, ಕೈ ಜುಮುಜುಮು ಅಂತದೆ," ಎಂದೆ.

"ಮೊಬೈಲ್ ಕಮ್ಮಿ ಮಾಡು, ಎಲ್ಲಾ ಸರಿಯೋಗ್ತದೆ," ಅಂದ ಅಣ್ಣ ಇರ್ಫಾನ್, ಕತ್ತರಿಯಿಂದ ಕಣ್ಣೆತ್ತದೆ. ನಾವು ಮನೆಯಲ್ಲಿ ಆಡುವುದು ದಖ್ಖನಿ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಅವನ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗಿಂತ ಹತ್ತು ವರ್ಷ ದೊಡ್ಡವನು. ಅಬ್ಬಾ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೂ ಅವನೇ, ಕೈಗೆ ಕತ್ತರಿ ಕೊಟ್ಟವನೂ ಅವನೇ.

ಮೂರನೇ ದಿನ ಬೆಳಗ್ಗೆ ಹಾಸಿಗೆಯಿಂದ ಏಳಹೋದೆ. ಕಾಲು ಏಳಲಿಲ್ಲ. ದಬಕ್ಕನೆ ನೆಲಕ್ಕೆ ಬಿದ್ದೆ. ಆಂಬ್ಯುಲೆನ್ಸ್ ಬಂತು. ದೊಡ್ಡಾಸ್ಪತ್ರೆಗೆ ಮುಟ್ಟುವ ಹೊತ್ತಿಗೆ ನೀರು ನುಂಗಲೂ ಆಗುತ್ತಿರಲಿಲ್ಲ.

"ಜಿಬಿಎಸ್," ಅಂದರು ನ್ಯೂರೋ ಡಾಕ್ಟರು. ಗಿಲ್ಲಾನ್ ಬಾರೆ ಸಿಂಡ್ರೋಮ್. ಇನ್ಫೆಕ್ಷನ್ನಿನ ಮೇಲೆ ಯುದ್ಧಕ್ಕೆ ಹೋದ ಮೈಯ ರಕ್ಷಣೆ ಅಲ್ಲಿಗೆ ನಿಲ್ಲದೆ ತನ್ನದೇ ನರ್ವ್‌ಗಳ ಮೇಲೆ ಬೀಳುತ್ತದಂತೆ. ಅಣ್ಣನಿಗೆ ಅರ್ಥವಾಗಲಿಲ್ಲ. ಮಾಲೂರಿನ ಕಡೆಯ ನರ್ಸ್ ಸರೋಜಮ್ಮ ಬಿಡಿಸಿ ಹೇಳಿದರು: "ಬೇಲಿನೇ ಎದ್ದು ಒಲ ಮೇಯ್ದಂಗೆ ಕಣಣ್ಣ."

ಆ ಗಾದೆ ನನಗೆ ಎಷ್ಟು ದಿನ ಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕಿದರು. ಐವಿಐಜಿ ಅನ್ನುವ ಔಷಧದ ಬಾಟಲಿಗಳು ಇಳಿದವು. ಕೈಯಿಲ್ಲ, ಕಾಲಿಲ್ಲ, ದನಿಯಿಲ್ಲ. ಆದರೆ ಕಿವಿ ಕೇಳುತ್ತಿತ್ತು, ಕಣ್ಣು ಕಾಣುತ್ತಿತ್ತು, ಬುದ್ಧಿ ಪೂರ್ತಿ ಎಚ್ಚರವಾಗಿತ್ತು. ಇದನ್ನು ಜನ ನಂಬುವುದಿಲ್ಲ. ಮಲಗಿದವನ ಮುಂದೆ ಏನು ಬೇಕಾದರೂ ಆಡುತ್ತಾರೆ. ನನ್ನ ಮಾತು ಕೇಳುತ್ತಿದ್ದುದು ರೆಪ್ಪೆ ಒಂದೇ. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಸರೋಜಮ್ಮ ಕಲಿಸಿದ ಭಾಷೆ ಅದು.

ಮುನಿರಾಜು ದಿನಾ ಬರುತ್ತಿದ್ದ.

ಮುನಿರಾಜು ಬೇತಮಂಗಲದ ಆಚೆಯ ಹಳ್ಳಿಯವನು. ನಾಲ್ಕು ಸೀಮೆಹಸು, ಊರ ಡೇರಿಯಲ್ಲಿ ಹಾಲಿನ ಪರೀಕ್ಷೆ ಮಾಡುವ ಕೆಲಸ. ಆರು ವರ್ಷದ ಹಿಂದೆ ಷರ್ಟು ಹೊಲಿಸಲು ಬಂದವನು, ಮತ್ತೆ ಮತ್ತೆ ಬಂದ. ನಾವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಿದೆವು. ಇಷ್ಟನ್ನು ನೇರವಾಗಿ ಬರೆಯಲು ನನಗೆ ಇಷ್ಟು ವರ್ಷ, ಇಂಥ ಒಂದು ಕಾಯಿಲೆ ಬೇಕಾಯಿತು. ಭಾನುವಾರ ಮಾರಿಕುಪ್ಪಂನಿಂದ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿಯುತ್ತಿದ್ದೆ, ಅವನು ಪ್ಲಾಟ್‌ಫಾರಂನ ಕಲ್ಲುಬೆಂಚಿನಲ್ಲಿ ಕಾಯುತ್ತಿದ್ದ. ಎಲ್ಲರ ಕಣ್ಣಿಗೆ ದೋಸ್ತಿಗಳು. ರಂಜಾನ್ ಹಬ್ಬದ ಶೀರ್‌ಖುರ್ಮಾ ಪಾಯಸಕ್ಕೆ ನಮ್ಮ ಮನೆಗೆ ಬರುತ್ತಿದ್ದುದು ಅವನ ಹಸುವಿನ ಹಾಲೇ. "ಹಾಲಂದ್ರೆ ಇದಪ್ಪ!" ಎಂದು ಅಣ್ಣ ಎರಡೆರಡು ಬಟ್ಟಲು ಕುಡಿದಿದ್ದಾನೆ.

ಆಸ್ಪತ್ರೆಯಲ್ಲಿ ಮುನಿರಾಜು ನನ್ನ ಕಿವಿಯ ಹತ್ತಿರ ಬಗ್ಗಿ, "ಎದರ್ಕಬ್ಯಾಡ ಕಣ್ಲಾ. ನಾನಿಲ್ಲೇ ಇವ್ನಿ," ಅನ್ನುತ್ತಿದ್ದ. ಆಗ ಅಷ್ಟು ಸಾಕಾಗಿತ್ತು.

ಹನ್ನೆರಡನೇ ದಿನ, ಮಧ್ಯಾಹ್ನದ ವಿಸಿಟಿಂಗ್ ಅವರ್. ಅಣ್ಣ ನನ್ನ ಫೋನು ಹಿಡಿದು ಬಂದ. "ಎಲ್ತ್ ಕಾರ್ಡಿಗೆ ಓಟಿಪಿ ಬಂದದೆ," ಎಂದು ಸರೋಜಮ್ಮನಿಗೆ ಹೇಳಿದ. ಅದು ಸುಳ್ಳಲ್ಲ. ಫೋನು ಬೆರಳಚ್ಚಿಗೆ ಮಾತ್ರ ತೆರೆಯುವುದು. ನನ್ನ ಬಲಗೈ ತೋರುಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದ್ದರು. ಅದನ್ನು ಬಿಚ್ಚಿದ. ಬೆರಳನ್ನು ಹಿಡಿದ. ನಮಾಜಿನಲ್ಲಿ ಕೂತು ಅಲ್ಲಾಹು ಒಬ್ಬನೇ ಎಂದು ಸಾಕ್ಷಿ ಹೇಳುವಾಗ ನಾನು ಎತ್ತುವ ಬೆರಳು ಅದು. ಅದನ್ನೇ ಫೋನಿನ ಮೇಲೆ ಒತ್ತಿದ.

ಮಾನಿಟರ್ ಕೂಗಿಕೊಂಡಿತು. "ಯಾರು ಕ್ಲಿಪ್ ತೆಗ್ದಿದ್ದು?" ಎಂದು ಸರೋಜಮ್ಮ ಓಡಿಬಂದು ಮತ್ತೆ ಹಾಕಿದರು.

ಅಣ್ಣ ಸ್ಟೂಲಿನಲ್ಲಿ ಕೂತ. ಓಟಿಪಿ ಓದಲು ಒಂದು ನಿಮಿಷ ಬೇಡ. ಅವನ ಹೆಬ್ಬೆರಳು ಪರದೆಯ ಮೇಲೆ ಸರಿಯುತ್ತಲೇ ಇತ್ತು, ಸರಿಯುತ್ತಲೇ ಇತ್ತು. ಅವನ ಮುಖದ ಬಣ್ಣ ಇಳಿಯುವುದನ್ನು ನಾನು ಮಲಗಿದ್ದಲ್ಲಿಂದ ನೋಡಿದೆ. ಬೇಡ ಅನ್ನಲು ನಾಲಿಗೆಯಿಲ್ಲ, ಕಿತ್ತುಕೊಳ್ಳಲು ಕೈಯಿಲ್ಲ. ನಾನೂ ಮುನಿರಾಜೂ ಬರೆದುಕೊಂಡ ಆರು ವರ್ಷವನ್ನು ಅವನು ಅರ್ಧ ಗಂಟೆಯಲ್ಲಿ ಓದಿ ಮುಗಿಸಿದ.

ಎದ್ದು ಹೋದ.

ಮರುದಿನದಿಂದ ಮುನಿರಾಜು ಬರಲಿಲ್ಲ.

ಅಣ್ಣ ಬಂದ. ಎಂದಿನಂತೆ ನನ್ನ ಮಗ್ಗುಲು ಹೊರಳಿಸಿದ, ಬೆನ್ನಿಗೆ ಪೌಡರ್ ಹಾಕಿದ, ನನ್ನ ಹೊಲಸನ್ನು ಬಳಿದ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಎಲ್ಲ ಮುಗಿಸಿ, ಕೈ ತೊಳೆದು, ಕಿವಿಯ ಬಳಿ ಬಗ್ಗಿದ. "ಇದು ಕಾಯಿಲೆ ಅಲ್ಲ ನಯಾಜ್. ಅಲ್ಲಾಹ್‌ನ ಅಜಾಬ್, ಅವನು ಕೊಟ್ಟ ಶಿಕ್ಷೆ. ಲೂತ್ ನಬಿ ಕಾಲದಲ್ಲಿ ನಿಮ್ಮಂಥೋರ ಊರಿನ ಮೇಲೆ ಕಲ್ಲಿನ ಮಳೆ ಸುರೀತು ಅಂತ ಮದ್ರಸಾದಲ್ಲಿ ಓದಿಲ್ವಾ? ಇಂಥದಕ್ಕೆ ಬೆಟ್ಟದ ಮೇಲಿಂದ ತಳ್ಳಿ ಅಂತ ಬರ್ದವ್ರೆ. ನೀನು ಬದುಕಿರೋದೇ ಮೆಹರ್ಬಾನಿ." ಆಮೇಲೆ ಹೇಳಿದ, "ಆ ಹಾಲಿನೋನಿಗೆ ಫೋನ್ ಮಾಡಿದ್ದೆ. ಮತ್ತೆ ಈ ಕಡೆ ಕಾಲಿಟ್ರೆ ನಿಮ್ಮ ಡೇರಿ ಮುಂದೆ ನಿಂತು ಎಲ್ಲಾ ಓದ್ತೀನಿ ಅಂದೆ."

ನಮ್ಮೂರಲ್ಲಿ ಬೆಟ್ಟ ಅಂದರೆ ಚಿನ್ನದ ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬ. ಚಿಕ್ಕವನಿದ್ದಾಗ ಅಣ್ಣನೇ ಹೆಗಲ ಮೇಲೆ ಕೂರಿಸಿಕೊಂಡು ಅದನ್ನು ಹತ್ತಿಸಿದ್ದ. ಬೀಳುತ್ತೀಯ, ಗಟ್ಟಿಯಾಗಿ ಹಿಡ್ಕೋ ಅನ್ನುತ್ತಿದ್ದ. ಆ ದಿನಗಳಲ್ಲಿ ಛಾವಣಿ ನೋಡುತ್ತ ನನಗೆ ಅದೇ ನೆನಪು. ಸಿಟ್ಟು ಬರುತ್ತಿತ್ತು. ನೀನು ಓದಿದ್ದು ಓದಿದೆ, ಆಯಿತು ಭಾಯಿ. ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತಲ್ಲ? ಅವನು ಮಸೀದಿಯಲ್ಲೂ ಹೇಳಿದ್ದ. ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ, ಮೊದಲ ವಾರ ಸಾಲುಗಟ್ಟಿ ಬಂದಿದ್ದರು. ಈಗ ಒಂದು ನೊಣವೂ ಇಲ್ಲ.

ಬಂದವರು ಒಬ್ಬರೇ, ವಯಸ್ಸಾದ ಇಮಾಮ್ ಸಾಹೇಬರು. ಅಣ್ಣನೇ ಕರೆತಂದಿದ್ದ. ಅವರು ನನ್ನ ಹಣೆ ಮುಟ್ಟಿ ದುವಾ ಓದಿದರು. ಅಣ್ಣ ಅಜಾಬ್, ಸಜಾ ಎಂದು ಶುರುಮಾಡಿದ. ಅವರು ಕೈಯೆತ್ತಿ ತಡೆದರು.

"ಇರ್ಫಾನ್, ಗುನಾಹ್ ಗುನಾಹೇ, ಪಾಪ ಪಾಪಾನೇ. ಅದನ್ನ ನಾನು ಬದಲಾಯಿಸೋಕಾಗಲ್ಲ. ಆದ್ರೆ ಸಜಾ ಏನು ಅನ್ನೋದ್ರಲ್ಲಿ ಧರ್ಮ ಓದಿದ ದೊಡ್ಡ ದೊಡ್ಡ ಆಲಿಮ್‌ಗಳಲ್ಲೇ ಒಮ್ಮತ ಇಲ್ಲ. ಒಬ್ರು ಸಾವೇ ಸಜಾ ಅಂದ್ರು, ಒಬ್ರು ನ್ಯಾಯ ಹೇಳೋ ಖಾಜಿಗೆ ಬಿಟ್ಟಿದ್ದು ಅಂದ್ರು. ಟೈಲರಿಗೆ ಬಿಟ್ಟಿದ್ದು ಅಂತ ಯಾರೂ ಅಂದಿಲ್ಲ. ಕಾಯಿಲೆ ಬಿದ್ದೋನ ಪಾಪ ಉದುರ್ತದೆ ಅಂತ ನಾನು ಓದಿರೋದು. ಇನ್ನೊಬ್ಬರ ಗುಟ್ಟು ಕೆದಕಬೇಡಿ ಅಂತಲೂ ಕಿತಾಬಲ್ಲೇ ಇದೆ. ಅದನ್ನ ಯಾಕೆ ಬಿಟ್ಟೆ?"

ಅಣ್ಣ ತಲೆ ತಗ್ಗಿಸಿದ. ಎಷ್ಟೋ ದಿನಗಳ ಮೇಲೆ ನನ್ನ ಎದೆ ಹಗುರಾಯಿತು.

ಆಮೇಲೆ ಆ ಹಿರಿಯರು ನನ್ನ ಕಡೆ ತಿರುಗಿದರು. "ಬೇಟಾ, ತೌಬಾದ ಬಾಗಿಲು ತೆರ್ದೇ ಇದೆ. ತಪ್ಪಾಯ್ತು, ಇನ್ನು ಮುಂದೆ ಇಲ್ಲ ಅಂತ ಅಲ್ಲಾಹ್‌ಗೆ ಮಾತು ಕೊಡು. ಕಣ್ಣು ಮುಚ್ಚು, ಸಾಕು."

ಅಯ್ಯೋ, ನೀವೂನಾ ಅನ್ನಿಸಿತು.

ಎರಡು ಸಲ ಮುಚ್ಚಿ ಇಲ್ಲ ಅನ್ನಬಹುದಿತ್ತು. ಆದರೆ ಆಗ ರೆಪ್ಪೆ ನಿಧಾನವಾಗಿತ್ತು. ಮೊದಲ ಸಲ ಮುಚ್ಚುತ್ತಲೇ ಹೌದು ಅಂದ ಎಂದು ಎದ್ದುಬಿಟ್ಟರೆ? ಆ ಹೌದನ್ನು ಅವರು ಬರೆಸಿಕೊಳ್ಳುವುದು ಅಲ್ಲಾಹನ ಮುಂದೆ. ಐದು ಹೊತ್ತಿನ ನಮಾಜು ಬಿಟ್ಟವನಲ್ಲ ನಾನು. ಅವನಿಗೆ ಸುಳ್ಳು ಹೇಳಲಾರೆ. ಹಾಗಾಗಿ ಕಣ್ಣು ಮುಚ್ಚಲೇ ಇಲ್ಲ. ಹಟ ಹಿಡಿದು ತೆರೆದೇ ಇಟ್ಟೆ. ಎಸಿ ಗಾಳಿಗೆ ಕಣ್ಣು ಮೆಣಸಿನಪುಡಿ ಬಿದ್ದಂತೆ ಉರಿಯಿತು. ನೀರು ಕಿತ್ತುಕೊಂಡು ಬಂತು. ಎರಡೂ ಕೆನ್ನೆ ದಾಟಿ ಕಿವಿಗೆ ಇಳಿಯಿತು.

"ಅಳ್ತಾವ್ನೆ ಹಜ್ರತ್!" ಅಣ್ಣ ಕೂಗಿದ. "ತೌಬಾ ಮಾಡ್ತಾವ್ನೆ ನೋಡಿ!"

ನನ್ನ ಬೆರಳು ಕದ್ದಿದ್ದ. ಈಗ ಕಣ್ಣೀರನ್ನೂ ಕದ್ದ.

ಹತ್ತು ದಿನಕ್ಕೆ ಆ ತೋರುಬೆರಳು ತಾನಾಗಿ ಅಲುಗಿತು. ಡಾಕ್ಟರು ಔಷಧ ಕೆಲಸ ಮಾಡಿದೆ ಅಂದರು. ಅಣ್ಣ ತೌಬಾ ಕೆಲಸ ಮಾಡಿದೆ ಅಂದ. ಮಸೀದಿಯವರು ಖರ್ಜೂರ ಹಿಡಿದು ಮತ್ತೆ ಬಂದರು. ಎಲ್ಲರೂ ನನ್ನ ತಬ್ಬಿಕೊಂಡರು. ಅವರು ತಬ್ಬಿಕೊಂಡಿದ್ದು ನನ್ನನ್ನಲ್ಲ, ಅಣ್ಣ ಕಟ್ಟಿ ನಿಲ್ಲಿಸಿದ ಇನ್ನೊಬ್ಬನನ್ನು.

ಮನೆಗೆ ಬಂದೆ. ವಾಕರ್, ಫಿಸಿಯೋ, ಹಿಡಿಯಲು ಒಂದು ಸ್ಪಂಜಿನ ಚೆಂಡು. ದನಿ ಬಂತು, ಒಡಕು ದನಿ. ಮೊದಲು ಮುನಿರಾಜುಗೆ ಫೋನ್ ಮಾಡಿದೆ. "ನಮ್ಮಮ್ಮ ಅವ್ಳೆ ಕಣ್ಲಾ, ಡೇರಿಯೋರು ಅವ್ರೆ... ಒಂದಷ್ಟು ದಿನ ಬ್ಯಾಡ," ಅಂದ. ಪುಕ್ಕಲ ಎಂದು ಬೈದು ಕಟ್ ಮಾಡಿದೆ. ಆಮೇಲೆ ಅತ್ತೆ. ಇಲ್ಲೇ ಇವ್ನಿ ಅಂದಿದ್ದವನು.

ನನಗೆ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಊರಿನ ಅರ್ಧ ಮಕ್ಕಳ ಗುಂಡಿ ಹೊಲಿದ ಟೈಲರ್! ದಿನಾ ಬೆಳಗ್ಗೆ ಅಣ್ಣ ನನ್ನ ಮುಂದೆ ಮಂಡಿಯೂರಿ, ಕೆಳಗಿನಿಂದ ಒಂದೊಂದಾಗಿ ಹಾಕುತ್ತಿದ್ದ. ಒಂದು ಶುಕ್ರವಾರ ಜುಮ್ಮಾ ನಮಾಜಿಗೆ ನನ್ನನ್ನು ಹೊರಡಿಸುತ್ತ, "ಇವತ್ತು ಎಲ್ರ ಮುಂದೆ ಹೇಳ್ತೀನಿ, ನಿನ್ನ ತೌಬಾ ಕಬೂಲ್ ಆಯ್ತು, ಅಲ್ಲಾಹ್ ಒಪ್ಕೊಂಡ ಅಂತ," ಅಂದ. ಅವನ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. ಸುಮ್ಮನಿದ್ದರೆ ಊಟ, ಹಾಸಿಗೆ, ಅಣ್ಣ, ಎಲ್ಲ ಉಳಿಯುತ್ತಿತ್ತು.

"ಭಾಯಿ, ಅವತ್ತು ನಾನು ತೌಬಾ ಮಾಡ್ಲಿಲ್ಲ," ಎಂದೆ. "ಹೌದು ಅನ್ನಬಾರ್ದು ಅಂತಾನೇ ಕಣ್ಣು ಮುಚ್ಚಲಿಲ್ಲ. ಕಣ್ಣು ಉರಿದು ನೀರು ಬಂತು, ಅಷ್ಟೆ. ನನ್ನ ಬೆರಳು ತಗೊಂಡೆ. ಕೇಳಿದ್ರೆ ನಾನೇ ಹೇಳ್ತಿದ್ನೋ ಏನೋ. ನೀನು ಕೇಳ್ಲೇ ಇಲ್ಲ."

ಅವನ ಕೈ ಮೂರನೇ ಗುಂಡಿಯ ಮೇಲಿತ್ತು. ಅಲ್ಲೇ ನಿಂತಿತು. ಬಿಟ್ಟು ಎದ್ದು ಹೋಗುತ್ತಾನೆ, ಇನ್ನು ನನ್ನ ವಾಕರ್ ಬೀದಿಯಲ್ಲೇ ಅಂದುಕೊಂಡೆ. ಅವನು ಮೂರನೆಯದನ್ನು ಹಾಕಿದ. ನಾಲ್ಕನೆಯದು, ಐದನೆಯದು. ಕಾಲರಿನದನ್ನೂ ಹಾಕಿ ಹೊರಗೆ ಹೋದ. ಜುಮ್ಮಾಗೆ ನಾನು ಹೋಗಲಿಲ್ಲ. ಮಸೀದಿಯಲ್ಲಿ ಅವನು ಏನೂ ಹೇಳಲಿಲ್ಲವಂತೆ.

ಅವತ್ತಿನಿಂದ ಅವನು ನನ್ನೊಂದಿಗೆ ಮಾತಾಡಿಲ್ಲ. ಎರಡು ತಿಂಗಳಾಯಿತು. ನನಗೂ ಅವನನ್ನು ಕ್ಷಮಿಸಲು ಆಗಿಲ್ಲ, ಆಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮುನಿರಾಜು ಮೊನ್ನೆ ತಾನಾಗಿ ಫೋನ್ ಮಾಡಿದ್ದ. "ಭಾನ್ವಾರ ಬಂಗಾರಪೇಟೆಗೆ ಬತ್ತೀನಿ, ಆದ್ರೆ ನೀನೂ ಬಾ," ಅಂದ. ರೈಲಿನ ಮೆಟ್ಟಿಲು ಹತ್ತಲು ಕಾಲಿಗೆ ಇನ್ನೂ ಶಕ್ತಿಯಿಲ್ಲ. ದಿನಾ ಮನೆಯ ಹೊಸ್ತಿಲಲ್ಲಿ ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದೇನೆ.

ಈಗ ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತೇನೆ. ಸಾಕ್ಷಿ ಹೇಳುವಾಗ ತೋರುಬೆರಳು ನಡುಗುತ್ತ ಏಳುತ್ತದೆ. ನಾನೇ ಎತ್ತಿದ್ದು. ಷರ್ಟಿನ ಐದು ಗುಂಡಿಗಳನ್ನೂ ನಾನೇ ಹಾಕಿಕೊಳ್ಳುತ್ತೇನೆ, ಕಾಲು ಗಂಟೆ ಹಿಡಿಯುತ್ತದೆ. ಕಾಲರಿನದು ಮಾತ್ರ ಇನ್ನೂ ಬೆರಳಿಗೆ ಸಿಗುವುದಿಲ್ಲ. ಅದಕ್ಕೆ ಅಣ್ಣ ಬರುತ್ತಾನೆ. ಮುಖ ನೋಡದೆ ಹಾಕಿ, ಕಾಲರ್ ಸರಿಮಾಡಿ, ಅಂಗಡಿಗೆ ಹೋಗುತ್ತಾನೆ.