ಸರ್ ಬರೆದ ಡ್ರೈವರ್

ಕಂಪ್ಯೂಟರಿಗೂ ಅದಕ್ಕೆ ಜೋಡಿಸುವ ಉಪಕರಣಗಳಿಗೂ ನಡುವೆ ಮಾತುಕತೆ ನಡೆಸಿಕೊಡುವ ಡ್ರೈವರ್‌ಗಳಲ್ಲಿ ಭದ್ರತೆಯ ದೋಷ ಹುಡುಕಿ ತಿದ್ದುವುದು ನನ್ನ ಕೆಲಸ. ಬಾಗಲಕೋಟೆಯ ನವನಗರದ ಮನೆಯಲ್ಲೇ ಕೂತು ಮಾಡುತ್ತೇನೆ. ಕಳೆದ ವರ್ಷ ಒಂದು ಮುಂಜಾನೆ ತೆರೆದ ಫೈಲಿನ ಮೇಲ್ಗಡೆ, ಬರೆದವರ ಜಾಗದಲ್ಲಿ, ಪಾಲಿಟೆಕ್ನಿಕ್ಕಿನಲ್ಲಿ ನನಗೆ ಪ್ರೋಗ್ರಾಮಿಂಗ್ ಕಲಿಸಿದ ಸರ್ ಹೆಸರಿತ್ತು.

ಲ್ಯಾಬಿನ ತಾಪಮಾನ ಅಳೆಯುವ ಉಪಕರಣಕ್ಕೆಂದು ಅವರು ಬರೆದದ್ದು. ಜಗತ್ತಿನ ಯಾರು ಬೇಕಾದರೂ ಬಳಸುವ, ತಿದ್ದುವ ಮುಕ್ತ ತಂತ್ರಾಂಶದಲ್ಲಿ ಅದು ಸ್ವೀಕಾರವಾದ ದಿನ ತರಗತಿಗೆಲ್ಲ ಪೇಢಾ ಹಂಚಿದ್ದರು.

ದೋಷ ಇಷ್ಟೇ. ಉಪಕರಣ ಕಿತ್ತೊಡನೆ ಡ್ರೈವರ್ ತಾನು ಪಡೆದ ಮೆಮೊರಿಯನ್ನು ಬಿಟ್ಟುಕೊಡುತ್ತಿತ್ತು. ನಿಗದಿತ ಹೊತ್ತಿಗೊಮ್ಮೆ ತಾಪಮಾನ ದಾಖಲಿಸುವ ಅದರ ಟೈಮರ್ ಮಾತ್ರ ನಿಲ್ಲದೆ ಅದೇ ಜಾಗದಲ್ಲಿ ಬರೆಯುತ್ತಿತ್ತು. ಅಷ್ಟರಲ್ಲಿ ಆ ಜಾಗ ಬೇರೆ ಕೆಲಸಕ್ಕೆ ಹೋಗಿರಬಹುದು. ಬಲ್ಲವನು ಆ ಸಂದಿಯಲ್ಲಿ ಕೈಹಾಕಿ ಇಡೀ ಯಂತ್ರವನ್ನೇ ವಶಮಾಡಿಕೊಳ್ಳಬಹುದು. ಮೊದಲು ಟೈಮರ್ ನಿಲ್ಲಿಸುವಂತೆ ಒಂದು ಸಾಲು ಸೇರಿಸಿದೆ. ಕಳಿಸಲು ಕೈ ಬರಲಿಲ್ಲ. ತಿದ್ದುಪಡಿ ಕಳಿಸಬೇಕಾದದ್ದು ನೂರಾರು ಜನ ಓದುವ ಜಾಗಕ್ಕೆ. ಸರ್ ತಪ್ಪು ಅವರಿಗಿಂತ ಮೊದಲು ಊರಿಗೆಲ್ಲ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಮರುದಿನ ಹುಬ್ಬಳ್ಳಿ ಬಸ್ಸು ಹತ್ತಿ ಕುಳಗೇರಿ ಕ್ರಾಸಿನಲ್ಲಿ ಇಳಿದೆ. ನಿವೃತ್ತರಾದ ಸರ್ ಅಲ್ಲೇ ಮನೆ ಮಾಡಿಕೊಂಡಿದ್ದರು. ಕಣ್ಣು ಮಂಜಾಗಿ ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದರು.

"ಬಾ ತಂಗಿ, ಕುಂದ್ರು," ಎಂದರು. ಚಹಾ ಆರುವವರೆಗೂ ನಾನು ಮಳೆ, ಬಸ್ಸು ಅಂತ ಏನೇನೋ ಮಾತಾಡಿದೆ.

"ಇದನ್ನ ಹೇಳಾಕ ಇಷ್ಟ ದೂರ ಬಂದಿಯೇನು?"

ಹೇಳಿದೆ. ಸರ್ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಬರಬಾರದಿತ್ತೇನೋ ಅನ್ನಿಸಿತು.

"ಖರೆ ಐತಿ, ತಪ್ಪು ನಂದ," ಎಂದರು. "ನೀ ತಿದ್ದಿದ್ದು ಓದು. ನನಗ ಕಾಣಂಗಿಲ್ಲ, ಕೇಳ್ತೇನಿ."

ಲ್ಯಾಪ್‌ಟಾಪ್ ತೆರೆದು ಸಾಲು ಸಾಲಾಗಿ ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ ಕೈ ಎತ್ತಿದರು.

"ನಿಲ್ಲು. ಟೈಮರ್ ನಿಲ್ಲಿಸಿದಿ, ಭಾಳ ಚಲೋ. ಆದರ ಉಪಕರಣದಿಂದ ಡೇಟಾ ಬಂದಾಗೊಮ್ಮೆ ಅದನ್ನ ಮತ್ತ ಚಾಲು ಮಾಡೋ ಫಂಕ್ಷನ್ ಒಂದು ಕೆಳಗ ಐತೆಲ್ಲ? ನೀ ನಿಲ್ಲಿಸಿದ ಮ್ಯಾಲೆ ಅದು ಓಡಿದ್ರ?"

ಕೆಳಗೆ ನೋಡಿದೆ. ಇತ್ತು. ನಾನದನ್ನು ಗಮನಿಸಿರಲೇ ಇಲ್ಲ. ನನ್ನ ತಿದ್ದುಪಡಿ ದೋಷವನ್ನು ಅಪರೂಪ ಮಾಡುತ್ತಿತ್ತೇ ಹೊರತು ತೆಗೆಯುತ್ತಿರಲಿಲ್ಲ.

"ಮೊದಲು ಬರೋ ಡೇಟಾ ನಿಲ್ಲಿಸು. ಆಮ್ಯಾಲೆ ಟೈಮರ್. ಆಮ್ಯಾಲೆ ಮೆಮೊರಿ ಬಿಡು," ಎಂದರು. ಅಲ್ಲೇ ಕೂತು ಹಾಗೆಯೇ ತಿದ್ದಿದೆ.

"ಸಲಹೆ ಕೊಟ್ಟವರು ಅಂತ ನಿಮ್ಮ ಹೆಸರು ಹಾಕ್ತೇನ್ರಿ ಸರ್."

"ಬ್ಯಾಡ. ತಪ್ಪು ಮಾಡಿದಾವನ ಹೆಸರು ಮ್ಯಾಲೇ ಐತಿ," ಎಂದು ನಕ್ಕರು.

ನಾನು ಕೇಳಲಿಲ್ಲ, ಹಾಕಿಯೇ ಕಳಿಸಿದೆ. ವಾರದೊಳಗೆ ಸ್ವೀಕಾರವಾಯಿತು. ಸರ್‌ಗೆ ಫೋನ್ ಮಾಡಿ ತಿಳಿಸಿದೆ. "ಅಲ್ಲವ್ವಾ, ನಾ ಇನ್ನ ಎರಡು ಡ್ರೈವರ್ ಬರದೇನಿ. ಅವು ಹ್ಯಾಂಗದಾವೋ ಏನೋ. ರವಿವಾರ ಬರ್ತಿಯೇನು?" ಎಂದರು.

ಎರಡನೆಯದನ್ನು ಈಗ ಅರ್ಧ ಓದಿದ್ದೇವೆ.