ಮಿಷಿನ್ ಬಾಡಿಗೆಗೆ ಕೊಟ್ಟ ಮೇಷ್ಟ್ರು

ಮೊನ್ನೆ ಮಡಿಕೇರಿಯ ಪೇಟೆಯಲ್ಲಿ ಯಾರೋ ಅಂಗಡಿಯ ಹಳೆಯ ಶಟರ್ ಕತ್ತರಿಸುತ್ತಿದ್ದರು. ಕಿಡಿ ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂತು. ಕಾದ ಕಬ್ಬಿಣದ ವಾಸನೆ, ಅದರೊಳಗೆ ಕಟಿಂಗ್ ವೀಲ್ ಸುಡುವ ವಾಸನೆ... ಕೂದಲು ಕರಕಲಾದ ಹಾಗೆ. ಜೊತೆಯಲ್ಲಿದ್ದ ಹೆಂಡತಿ "ಯಾಕೆ ನಿಂತ್ರಿ?" ಎಂದಳು. ಏನಿಲ್ಲ ಎಂದೆ. ನನಗೆ ಮೇಷ್ಟ್ರು ನೆನಪಾಗಿದ್ದರು.

ಅವರು ಐಟಿಐಯಲ್ಲಿ ನಮಗೆ ಫಿಟ್ಟರ್ ಕೆಲಸ ಕಲಿಸಿದವರು. ಶನಿವಾರಸಂತೆ ಕಡೆಯ ವ್ಯಾಪಾರಸ್ಥರ ಮನೆತನ. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ಅರ್ಧ ಅಳಿಸಿಹೋಗಿರುತ್ತಿತ್ತು. ಎದುರಿಗೆ ಸಾರ್ ಎನ್ನುತ್ತಿದ್ದೆವು, ಬೆನ್ನ ಹಿಂದೆ ಮೇಷ್ಟ್ರು. ಅವರು ಹೊಡೆಯುತ್ತಿದ್ದರು. ಈಗಿನವರಿಗೆ ಹೇಳಿದರೆ ನಂಬಲಾರರು, ಹಾಗೆ ಹೊಡೆಯುತ್ತಿದ್ದರು. ಒಮ್ಮೆ ನಾನು ಲೇತಿನ ತಿರುಗುವ ಚಕ್ಕಿನಲ್ಲೇ ಅದನ್ನು ಬಿಗಿಯುವ ಕೀ ಬಿಟ್ಟು ಸ್ವಿಚ್ಚಿಗೆ ಕೈ ಚಾಚಿದೆ. ಬೆರಳು ಸ್ವಿಚ್ಚಿಗೆ ತಗಲುವ ಮೊದಲೇ ಕೆನ್ನೆಗೆ ಬಿತ್ತು. ಕಬ್ಬಿಣದ ಚೂರುಗಳ ರಾಶಿಯ ಮೇಲೆ ಉರುಳಿದೆ, ಮೊಣಕೈ ಸೀಳಿತು.

"ಏಳ್ಲಾ. ಮೊದ್ಲು ಕೀ ತೆಗಿ, ಆಮೇಲೆ ಅಳು," ಎಂದರು.

ಕೀ ಅಲ್ಲೇ ಇದ್ದು ಲೇತ್ ತಿರುಗಿದ್ದರೆ ಅದು ಹಾರಿ ನನ್ನ ಎದೆಗೋ ಪಕ್ಕದವನ ತಲೆಗೋ ಬಡಿಯುತ್ತಿತ್ತು, ನಿಜ. ಆದರೂ ಅವರ ಏಟಿನಿಂದಲೇ ಉದ್ಧಾರವಾದೆವು ಎಂದು ಹಾಡಿ ಹೊಗಳುವ ಹಳೆಯ ವಿದ್ಯಾರ್ಥಿಗಳ ಗುಂಪಿಗೆ ನಾನು ಸೇರಿದವನಲ್ಲ. ಏಟು ಬಿದ್ದ ಕಡೆಯ ಕಿವಿ ಇವತ್ತಿಗೂ ಆಗಾಗ ಗುಂಯ್‌ಗುಡುತ್ತದೆ.

ಮೈಸೂರಿನ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು ನಾನು ವಾಪಸು ಬಂದಾಗ ಮಡಿಕೇರಿಯ ಸುತ್ತಲಿನ ಗುಡ್ಡಗಳ ಮೇಲೆಲ್ಲ ಹೋಮ್‌ಸ್ಟೇಗಳು ಏಳುತ್ತಿದ್ದವು. ಬಂಡೆ ಒಡೆಯುವ ಬ್ರೇಕರ್, ಕಾಂಕ್ರೀಟ್ ಕೊರೆಯುವ ಮಿಷಿನ್, ಭಾರ ಎತ್ತುವ ಚೈನ್ ಪುಲ್ಲಿ, ಏನು ಬೇಕಾದರೂ ಮೈಸೂರಿಗೋ ಮಂಗಳೂರಿಗೋ ಫೋನ್ ಮಾಡಬೇಕಿತ್ತು. ಅಪರೂಪಕ್ಕೆ ಬೇಕಾಗುವ ಮಿಷಿನ್ನನ್ನು ಕೊಂಡು ಇಟ್ಟುಕೊಳ್ಳುವವರು ಯಾರು? ಬಾಡಿಗೆಗೆ ಕೊಡುವ ಅಂಗಡಿ ತೆರೆದರೆ ಹೇಗೆ ಅನ್ನಿಸಿತು. ಸಲಹೆ ಕೇಳಲು ಹೋದದ್ದು ಮೇಷ್ಟ್ರ ಮನೆಗೇ. ಯಾಕೆ ಅವರ ಬಳಿಗೇ ಹೋದೆನೋ... ಮಿಷಿನ್ನಿನ ವಿಷಯದಲ್ಲಿ ಸುಳ್ಳು ಹೇಳದ ಇನ್ನೊಬ್ಬರು ನನಗೆ ಗೊತ್ತಿರಲಿಲ್ಲ.

ಅವರು ಆಗ ನಿವೃತ್ತರು. ಜಗಲಿಯಲ್ಲಿ ಕೂತು ನನ್ನ ಯೋಜನೆಯನ್ನೆಲ್ಲ ಕೇಳಿದರು. ಫೋನಿನಲ್ಲೇ ಬುಕ್ಕಿಂಗ್, ಗುರುತಿನ ಚೀಟಿ, ವ್ಯಾನಿನಲ್ಲಿ ಮನೆಬಾಗಿಲಿಗೆ ಮಿಷಿನ್.

"ಮದ್ವೆ ಮನೆಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಟ್ಟಂಗೆ ಅಂದ್ಕಂಡಿದ್ದೀಯ," ಎಂದರು. "ಪಾತ್ರೆ ಹಾಳಾದ್ರೆ ಪಾತ್ರೆ ಹೋಯ್ತದೆ, ಅಷ್ಟೇಯ. ಇದು ಹಾಳಾದ್ರೆ ಹಿಡ್ಕಂಡೋನೇ ಹೋಯ್ತಾನೆ. ಅವನಿಗೇನ್ ಮಾಡಿದೀಯ ನಿನ್ನ ಪ್ಲಾನಲ್ಲಿ?"

ಏನೂ ಮಾಡಿರಲಿಲ್ಲ. ಆ ಸಂಜೆಯಿಂದ ನಾವಿಬ್ಬರೂ ಕೂತು ಎಲ್ಲವನ್ನೂ ಹೊಸದಾಗಿ ಹೆಣೆದೆವು. ಮಿಷಿನ್ ಹಿಡಿಯುವವನೇ ಅಂಗಡಿಗೆ ಬಂದು ಮೇಷ್ಟ್ರ ಎದುರು ಓಡಿಸಿ ತೋರಿಸಬೇಕು. ಕನ್ನಡಕ, ಕೈಗವಸು ಮಿಷಿನ್ನಿನ ಜೊತೆಗೇ ಹೋಗಬೇಕು. ಕೆಲಸದ ಜಾಗಕ್ಕೆ ನಾವು ಹೇಳದೆ ಕೇಳದೆ ಹೋಗುತ್ತೇವೆ, ಚಕ್ರದ ಮೇಲೆ ರಕ್ಷಣೆಗಿರುವ ಗಾರ್ಡ್ ಬಿಚ್ಚಿದ್ದು ಕಂಡರೆ ಅಲ್ಲಿಂದಲೇ ಮಿಷಿನ್ ವಾಪಸು. ಇದೊಂದು ಬೇಡವೆಂದೆ.

"ಗಿರಾಕಿ ಓಡಿಹೋಗ್ತಾರೆ ಸಾರ್."

"ಓಡ್ಲಿ. ಕಾಲಿರುವಾಗ್ಲೇ ಓಡ್ಲಿ."

ಗೊಣಗಿದರೂ ಜನ ಬಂದರು. ಹತ್ತಿರದಲ್ಲಿ ಬೇರೆ ಅಂಗಡಿ ಇರಲಿಲ್ಲ. ಆದರೆ ಮೇಷ್ಟ್ರ ಕೈ ಮಾತ್ರ ನಿವೃತ್ತಿಯಾಗಿರಲಿಲ್ಲ. ಹುದಿಕೇರಿಯ ಹತ್ತಿರ ಒಂದು ಕಡೆ ಗಾರ್ಡ್ ಬಿಚ್ಚಿ ಕೆಲಸ ಮಾಡುತ್ತಿದ್ದ ಗಾರೆ ಮೇಸ್ತ್ರಿಯ ಕೈಯಿಂದ ಮಿಷಿನ್ ಕಿತ್ತುಕೊಂಡು, ಅವನನ್ನು ಕಲಸಿಟ್ಟ ಸಿಮೆಂಟಿಗೆ ನೂಕಿಬಿಟ್ಟರು. ನಾನು ಕೈಮುಗಿದು ಸಮಾಧಾನ ಮಾಡಿ ಬರಬೇಕಾಯಿತು. "ಸಾರ್, ಇದು ಐಟಿಐ ಅಲ್ಲ," ಎಂದೆ ವ್ಯಾನಿನಲ್ಲಿ. ಅವರು ಮಡಿಕೇರಿ ಬರುವವರೆಗೂ ಕಿಟಕಿಯ ಆಚೆಗೇ ನೋಡುತ್ತಿದ್ದರು.

ಮಡಿಕೇರಿಯ ಒಬ್ಬ ಗುತ್ತಿಗೆದಾರ ನಮ್ಮ ಕಾಯಂ ಗಿರಾಕಿಯಾಗಿದ್ದ. ವಿನಯವಂತ. ಅಂಗಡಿಗೆ ಬಂದಾಗಲೆಲ್ಲ ಮೇಷ್ಟ್ರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದ. ಮಡಿಕೇರಿಯ ಕೆಳಗೆ ಇಳಿಜಾರಿನಲ್ಲಿ ತನ್ನದೇ ಹೋಮ್‌ಸ್ಟೇ ಕಟ್ಟಿಸುತ್ತಿದ್ದ. ಪೆಟ್ರೋಲಿನಲ್ಲಿ ಓಡುವ ದೊಡ್ಡ ಕಟಿಂಗ್ ಮಿಷಿನ್ ಒಯ್ದಿದ್ದ. ಚಳಿಗಾಲದ ಒಂದು ಬೆಳಿಗ್ಗೆ ನಾವು ಹೇಳದೆ ಅಲ್ಲಿಗೆ ಹೋದೆವು. ವ್ಯಾನಿನಿಂದ ಇಳಿಯುತ್ತಿದ್ದಂತೆಯೇ ಕಂಡಿತು. ಅಂಗಡಿಯಲ್ಲಿ ಓಡಿಸಿ ತೋರಿಸಿದವನು ಬೇರೆ, ಇಲ್ಲಿ ಹಿಡಿದವನು ಬೇರೆ. ಅಸ್ಸಾಮಿನಿಂದ ಕೂಲಿಗೆ ಬಂದಿದ್ದ ನನ್ನ ವಯಸ್ಸಿನ ಒಬ್ಬಾತ. ಗೋಡೆಯ ಮೂಲೆಯಲ್ಲಿದ್ದ ಸರಳಿಗೆ ಮಿಷಿನ್ ಎಟುಕಲೆಂದು ಗಾರ್ಡ್ ಬಿಚ್ಚಿಟ್ಟಿದ್ದರು.

"ಲೇ, ನಿಲ್ಸ್ಲಾ! ಆಫ್ ಮಾಡು!" ಮೇಷ್ಟ್ರು ಓಡಿದರು.

ಆ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ವೀಲ್ ಸರಳಿನ ಸಂದಿಗೆ ಸಿಕ್ಕಿ ಪಟ್ಟನೆ ಸಿಡಿಯಿತು. ಒಂದು ಚೂರು ನನ್ನ ತಲೆಯ ಮೇಲಿಂದ ಹಾರಿ ತಗಡಿನ ಶೀಟಿಗೆ ಬಡಿಯಿತು. ಇನ್ನೊಂದು ಅವನ ತೊಡೆಯನ್ನು ಸೀಳಿತ್ತು. ಎದೆಬಡಿತದ ಲಯಕ್ಕೆ ಬಿಟ್ಟು ಬಿಟ್ಟು ರಕ್ತ ಚಿಮ್ಮುತ್ತಿತ್ತು. ಮೇಷ್ಟ್ರು ಮಣ್ಣಿನಲ್ಲಿ ಮಂಡಿಯೂರಿ ತಮ್ಮ ಮುಷ್ಟಿಯನ್ನು ಆ ಗಾಯದೊಳಕ್ಕೇ ಒತ್ತಿ ಮೈಭಾರವನ್ನೆಲ್ಲ ಹಾಕಿದರು.

"ಗಾಡಿ ತಗೊಂಬಾ!" ಎಂದು ಗುತ್ತಿಗೆದಾರನಿಗೆ ಕೂಗಿದರು.

ಅವನ ಪಿಕಪ್ ಅಲ್ಲೇ ನಿಂತಿತ್ತು. ಅವನು ಅದರತ್ತ ಹೋಗಲಿಲ್ಲ. ಶೀಟಿನ ಹಿಂದಿನಿಂದ ಗಾರ್ಡ್ ತಂದು, ಮಿಷಿನ್ನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸ್ಪ್ಯಾನರ್ ಹಿಡಿದು ಅದನ್ನು ಮತ್ತೆ ಕೂರಿಸತೊಡಗಿದ. "ಪೊಲೀಸ್ ಬಂದ್ರೆ ತೊಂದ್ರೆ ಆಗುತ್ತೆ ಮೇಷ್ಟ್ರೇ, ಒಂದು ನಿಮಿಷ..." ಎಂದ, ಬೋಲ್ಟ್ ಬಿಗಿಯುತ್ತಲೇ.

ಮೇಷ್ಟ್ರು ನನ್ನ ಎರಡೂ ಕೈಗಳನ್ನು ಎಳೆದು ಗಾಯದ ಮೇಲಿಟ್ಟರು. "ಒತ್ತು. ಏನೇ ಆದ್ರೂ ಎತ್ತಬ್ಯಾಡ."

ಅವರು ಎದ್ದು, ಅಲ್ಲೇ ಬಿದ್ದಿದ್ದ ಸಾರುವೆಯ ಕಬ್ಬಿಣದ ಪೈಪೊಂದನ್ನು ತೆಗೆದುಕೊಂಡರು. ಮೊದಲ ಏಟು ಸ್ಪ್ಯಾನರ್ ಹಿಡಿದ ಕೈಯ ಮೊಣಕೈಗೆ. ಹಸಿ ಕೊಂಬೆ ಮುರಿದಂಥ ಸದ್ದು. ಗುತ್ತಿಗೆದಾರ ತಲೆಯೆತ್ತಿದ, ನೋವಿಗಿಂತ ಆಶ್ಚರ್ಯವೇ ಹೆಚ್ಚಿದ್ದ ಮುಖ. ಆ ಮುಖಕ್ಕೇ ಎರಡನೆಯದು ಬಿತ್ತು. ಅವನು ಮಲಗಿದ ಮೇಲೂ ಪೈಪ್ ಏಳುತ್ತಿತ್ತು, ಇಳಿಯುತ್ತಿತ್ತು. ಐಟಿಐಯಲ್ಲಿ ಹೊಡೆಯುವಾಗ ಮೇಷ್ಟ್ರು ಬೈಯುತ್ತಿದ್ದರು. ಅವತ್ತು ಅವರ ಬಾಯಿಂದ ಒಂದು ಮಾತೂ ಬರಲಿಲ್ಲ. "ಸಾರ್, ಸಾಕು! ಸಾಯ್ತಾನೆ ಸಾರ್!" ಎಂದು ನಾನು ಕಿರುಚುತ್ತಿದ್ದೆ. ನನ್ನ ಬೆರಳುಗಳ ಕೆಳಗೆ ಬಿಸಿ ರಕ್ತ ಮಿಡಿಯುತ್ತಿತ್ತು. ಕೈ ಎತ್ತಿದರೆ ಇವನು ಸಾಯುತ್ತಾನೆ, ಎತ್ತದಿದ್ದರೆ ಅವನು. ಕೆಲಸದವರೆಲ್ಲ ಕಲ್ಲಾಗಿ ನಿಂತಿದ್ದರು. ಕೊನೆಗೆ ಜಲ್ಲಿ ಹೊರುತ್ತಿದ್ದ ತಮಿಳು ಹೆಂಗಸೊಬ್ಬಳು ಬಾಂಡ್ಲಿ ಬಿಸುಟು ಓಡಿಬಂದು ಮೇಷ್ಟ್ರನ್ನು ಹಿಂದಿನಿಂದ ತಬ್ಬಿ ಹಿಡಿದಳು. "ಪೋದುಂ ಅಯ್ಯಾ, ಪೋದುಂ..." ಸಾಕು, ಸಾಕು ಎಂದು ಮಗುವಿಗೆ ಹೇಳುವಂತೆ ಹೇಳುತ್ತಲೇ ಇದ್ದಳು. ಪೈಪ್ ಕೆಳಗೆ ಬಿತ್ತು.

ಪಿಕಪ್ ಓಡಿಸಿದ್ದು ಮೇಷ್ಟ್ರೇ. ಹಿಂದೆ ಇಬ್ಬರೂ ಅಕ್ಕಪಕ್ಕ ಮಲಗಿದ್ದರು, ನಾನು ಒತ್ತಿಕೊಂಡೇ ಕೂತಿದ್ದೆ.

ಇಬ್ಬರೂ ಬದುಕಿದರು. ಅಸ್ಸಾಮಿನವನ ಕಾಲು ಉಳಿಯಲಿಲ್ಲ. ಅವನ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋದ, ಆಮೇಲೆ ಸುದ್ದಿಯಿಲ್ಲ. ಗುತ್ತಿಗೆದಾರನ ಒಂದು ಕಣ್ಣು ಹೋಯಿತು, ಬಲ ಮೊಣಕೈ ಮಡಚಲಾರದಾಯಿತು. ಮೇಷ್ಟ್ರು ಠಾಣೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಜೈಲಿನಿಂದ ಜಾಮೀನಿನ ಮೇಲೆ ಬಂದವರು ನಾನು ಬೇಡವೆಂದರೂ ಅಂಗಡಿಗೆ ಬಂದು ಕೂರುತ್ತಿದ್ದರು.

ಗುತ್ತಿಗೆದಾರನ ಕಡೆಯವರು ಬಂದದ್ದು ಹಾಡುಹಗಲಲ್ಲೇ. ಸುತ್ತಿಗೆ ಹಿಡಿದು ಮಿಷಿನ್‌ಗಳನ್ನು ಒಂದೊಂದಾಗಿ ಜಜ್ಜಿದರು. ನನ್ನನ್ನು ಇಬ್ಬರು ಗೋಡೆಗೆ ಒತ್ತಿ ಹಿಡಿದಿದ್ದರು. ಮೇಷ್ಟ್ರು ಸ್ಟೂಲಿನಿಂದ ಏಳಲೇ ಇಲ್ಲ. ಎದುರಿಗೆ ಬ್ರೇಕರ್ ಒಡೆಯುತ್ತಿದ್ದವನನ್ನು ನೋಡಿ, "ಹಂಗ್ ಹಿಡೀಬ್ಯಾಡ್ಲಾ, ಹೆಬ್ಬೆಟ್ಟು ಹೋಯ್ತದೆ," ಎಂದರು. ಅವನು ಗಲಿಬಿಲಿಗೊಂಡು ಒಂದು ಕ್ಷಣ ನಿಂತ. ಹಿಡಿತ ಬದಲಿಸಿದ. ಆಮೇಲೆ ಆ ಸುತ್ತಿಗೆಯನ್ನು ಮೇಷ್ಟ್ರ ಬಲಗೈಯ ಮೇಲೆ ಇಳಿಸಿದ.

ಆಸ್ಪತ್ರೆಯಲ್ಲಿ ದೂರು ಕೊಡಲು ಅವರು ಒಪ್ಪಲಿಲ್ಲ. ನಾನು ಹೋದಾಗಲೆಲ್ಲ ಗುತ್ತಿಗೆದಾರನ ಬಗ್ಗೆ ಒಂದೇ ಪ್ರಶ್ನೆ. "ಅವನ ಮೊಣಕೈ ಮಡಚಕ್ಕಾಯ್ತದಾ?" ಇಲ್ಲ ಸಾರ್ ಎನ್ನುತ್ತಿದ್ದೆ. ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಮುಂದಿನ ಸಲ ಮತ್ತೆ ಅದನ್ನೇ ಕೇಳುತ್ತಿದ್ದರು, ನನ್ನ ಉತ್ತರ ಬದಲಾಗಬಹುದೆಂಬಂತೆ... ಮುಂದಿನ ಮಳೆಗಾಲದಲ್ಲಿ, ತೀರ್ಪು ಬರುವ ಮೊದಲೇ, ಎದೆನೋವಿನಿಂದ ತೀರಿಕೊಂಡರು.

ಅವರೊಂದಿಗೆ ಪ್ರಕರಣವೂ ಮುಗಿಯಿತು. ನಾನು ಸಾಕ್ಷಿಯಾಗಿದ್ದೆ, ಯಾರೂ ನನ್ನನ್ನು ಕಟಕಟೆಗೆ ಕರೆಯಲಿಲ್ಲ. ಕರೆದಿದ್ದರೆ ಹೊಡೆದದ್ದು ಅವರೇ ಎನ್ನುತ್ತಿದ್ದೆ. ಗಾಯದೊಳಗೆ ಮುಷ್ಟಿ ಇಟ್ಟು ಒಬ್ಬನನ್ನು ಉಳಿಸಿದ್ದೂ ಅವರೇ ಎನ್ನುತ್ತಿದ್ದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ.

ಅಂಗಡಿ ಈಗಲೂ ನಡೆಯುತ್ತಿದೆ. ಮಿಷಿನ್ನಿನ ಜೊತೆ ಓಡಿಸುವವರೂ ನಮ್ಮವರೇ ಹೋಗುತ್ತಾರೆ. ಏನೂ ಕೇಳದೆ ಕೊಡುವ ಬೇರೆ ಅಂಗಡಿಗಳು ಬಂದಿವೆ, ಅರ್ಧ ಗಿರಾಕಿಗಳು ಅಲ್ಲಿಗೇ ಹೋದರು. ಕಳೆದ ವಾರ ಗುತ್ತಿಗೆದಾರ ಫೋನ್ ಮಾಡಿ, "ಬ್ರೇಕರ್ ಬೇಕಿತ್ತು. ನಿಮ್ಮವರೇ ಬಂದು ಓಡಿಸ್ಲಿ," ಎಂದ. ನಾನೇ ಹೋದೆ. ಹೋಮ್‌ಸ್ಟೇ ತುಂಬ ಪ್ರವಾಸಿಗರು. ಕೆಲಸ ಮುಗಿದ ಮೇಲೆ ಎಡಗೈಯಲ್ಲಿ ಕಾಫಿ ತಂದುಕೊಟ್ಟ. ಇಬ್ಬರೂ ನಿಂತೇ ಕುಡಿದೆವು. ಹೊರಡುವಾಗ ವ್ಯಾನಿನ ಬಾಗಿಲ ಹತ್ತಿರ ಬಂದು, "ಮೇಷ್ಟ್ರು ಇದ್ದಿದ್ರೆ..." ಎಂದ.

ಆ ಮಾತನ್ನು ಅವನು ಮುಗಿಸಲಿಲ್ಲ. ಮುಗಿಸಲು ನನಗೂ ಬರಲಿಲ್ಲ.